ಇಪ್ಪತ್ತೇಳನೇ ಫಾರಂ

"ಒಂದು ಫಾರಂ ಎಲ್ಲಿ ಹೋಯ್ತು ಸರ್?"

ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ವಿಜಯೇಂದ್ರ ತಲೆ ಎತ್ತಿ ನೋಡಿದ. ಬಾಗಿಲಲ್ಲಿ ಡಾಕ್ಟರ್ ಪ್ರಿಯದರ್ಶಿನಿ ನಿಂತಿದ್ದಳು. ಶಿವಮೊಗ್ಗದ ಹೆರಿಗೆ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು.

ನಾಲ್ಕು ತಿಂಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದವರು ಮುಖ ನೋಡಿಕೊಂಡದ್ದು ಇವತ್ತೇ ಮೊದಲು. ಶಿವಮೊಗ್ಗದಿಂದ ಓಡಾಡುವ ಅವನ ವಿದ್ಯಾರ್ಥಿನಿ ರಕ್ಷಾಳ ಕೈಯಲ್ಲಿ ಫಾರಂಗಳು ಬರುತ್ತಿದ್ದವು, ಸಂಜೆ ಅದರ ಬಗ್ಗೆ ಫೋನು. ಅಂಕಿಅಂಶಗಳಿಂದ ಶುರುವಾದ ಮಾತು ಅರ್ಧ ಗಂಟೆಯಲ್ಲಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಸಂಶೋಧನೆಗೆ ಅಷ್ಟೆಲ್ಲ ಮಾತು ಬೇಕಿತ್ತೇ ಎಂದು ಯಾರಾದರೂ ಕೇಳಿದ್ದರೆ ಇಬ್ಬರೂ ಪೆಚ್ಚಾಗುತ್ತಿದ್ದರು.

ದನಿ ಕೇಳಿಯೇ ಅವಳೊಂದು ಮುಖ ಕಲ್ಪಿಸಿಕೊಂಡಿದ್ದಳು. ಎದುರಿಗಿದ್ದ ಮುಖ ಅದಕ್ಕಿಂತ ಚೆನ್ನಾಗಿತ್ತು. ಅದರಿಂದ ಸಿಟ್ಟು ಇನ್ನಷ್ಟು ಏರಿತು.

"ಕೂತ್ಕೊಳ್ಳಿ ಡಾಕ್ಟ್ರೇ..."

"ಕೂರೋಕೆ ಬಂದಿಲ್ಲ. ನಾನು ಕಳಿಸಿದ್ದು ನಲವತ್ತು ಹೆಂಗಸರ ಫಾರಂ. ನೀವು ಕಳಿಸಿದ ಅನುದಾನದ ಅರ್ಜಿಯ ಕರಡಿನಲ್ಲಿ ಮೂವತ್ತೊಂಬತ್ತಿದೆ."

ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೆಳೆದು ತಿಂಗಳು ತಿಂಗಳು ಹಿಂಡುವ ಕಾಯಿಲೆ, ಎಂಡೋಮೆಟ್ರಿಯೋಸಿಸ್. ಭದ್ರಾವತಿ ಕಡೆಯ ಹೆಂಗಸರು ಹತ್ತು ವರ್ಷ ನರಳಿ, "ಎಲ್ಲಾರಿಗೂ ಇರೋದೇ" ಎಂದು ಕೇಳಿ ಕೇಳಿ ಸುಸ್ತಾಗಿ ಅವಳ ಬಳಿ ಬರುತ್ತಿದ್ದರು. ಅನುದಾನ ಸಿಕ್ಕರೆ ಭದ್ರಾವತಿಯಲ್ಲೇ ಎರಡು ವರ್ಷ ತಪಾಸಣೆ, ಸ್ಕ್ಯಾನು, ಎಲ್ಲ ಉಚಿತ. ಆದರೆ ಆಸ್ಪತ್ರೆ, ಯೂನಿವರ್ಸಿಟಿ ಎರಡೂ ಕೂಡಿಯೇ ಅರ್ಜಿ ಹಾಕಬೇಕು. ಇಬ್ಬರ ಮೊಬೈಲಿಗೂ ಓಟಿಪಿ ಬರುತ್ತದೆ, ಎರಡೂ ಕೊಟ್ಟರೇ ಅರ್ಜಿ ಹೋಗುವುದು. ಐದು ಗಂಟೆಗೆ ಕೊನೆ. ಈಗ ಮೂರೂವರೆ.

"ಇಪ್ಪತ್ತೇಳನೇದು ಅಪೂರ್ಣ ಅಂತ ಬರ್ದಿದ್ದೀನಲ್ಲ," ಅವನು ಕೀಬೋರ್ಡು ನೋಡುತ್ತಾ ಹೇಳಿದ. "ಅದಿಲ್ದೇನೂ ನಡೆಯತ್ತೆ."

ಸುಳ್ಳು! ಅದರ ಒಂದೊಂದು ಜಾಗವೂ ತುಂಬಿತ್ತು. ಆದರೆ ಅಷ್ಟು ಖಚಿತವಾಗಿ ತನಗೆ ಹೇಗೆ ಗೊತ್ತು ಎಂದು ಅವಳು ಹೇಳುವ ಹಾಗಿರಲಿಲ್ಲ... ಇಪ್ಪತ್ತೇಳನೇ ಫಾರಂ ಅವಳದ್ದೇ.

ಒಂದು ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ಖಾಲಿ ಫಾರಂ ಎಳೆದುಕೊಂಡು ಕೂತು ತನ್ನ ಕಥೆಯನ್ನೇ ತುಂಬಿಸಿದ್ದಳು. ಹೆಸರು ಬೇಡ, ನಂಬರು ಸಾಕಿತ್ತು. ಹದಿಮೂರು ವರ್ಷದ ನೋವು. ಕೊನೇ ಪುಟದಲ್ಲಿ, ಮಕ್ಕಳಾಗುವುದು ಅನುಮಾನ. ಅದು ಗೊತ್ತಾಗಿ ಮುರಿದುಹೋದ ನಿಶ್ಚಿತಾರ್ಥ. ಬಾಯಿಬಿಟ್ಟು ಹೇಳಲಾಗದ್ದನ್ನು ಕಾಗದಕ್ಕಾದರೂ ಹೇಳಿದೆನಲ್ಲ ಎಂದು ಅವತ್ತು ಹಗುರಾಗಿದ್ದಳು.

"ನೋವು ಹತ್ತಕ್ಕೆ ಹತ್ತು ಅಂತ ಬರ್ದಿದ್ಲು, ಅದಕ್ಕೇ ತೆಗೆದ್ರಾ? ಜಾಸ್ತಿ ಆಡ್ತಿದ್ದಾಳೆ ಅನ್ನಿಸ್ತಾ?" ಅವಳು ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡಳು. "ನೀವು ಬೇರೆ ಥರ ಅಂದ್ಕೊಂಡಿದ್ದೆ. ನಾನು ಓಟಿಪಿ ಕೊಡಲ್ಲ."

ಅವನು ಎದ್ದು ಬೀರುವಿನ ಬೀಗ ತೆಗೆದ. ಇಪ್ಪತ್ತೇಳನೇ ಫಾರಂ ಇಟ್ಟು ಅಂಟಿಸಿದ್ದ ಒಂದು ಕವರ್ ತಂದು ಅವಳ ಮುಂದಿಟ್ಟ.

"ಎಷ್ಟು ಮಾತ್ರೆ ತಗೋತೀರಿ ಅಂತ ಕೇಳಿದ ಕಡೆ ಎಲ್ರೂ 'ಬೆಳಿಗ್ಗೆ ಒಂದು, ರಾತ್ರಿ ಒಂದು' ಅಂತ ಬರೆದಿದ್ದಾರೆ. ಇದರಲ್ಲಿ ಮಾತ್ರ 1-0-1 ಅಂತಿದೆ. ಹಾಗೆ ಬರೆಯೋರು ಡಾಕ್ಟ್ರುಗಳು. ಈ ಫಾರಂ ಇದ್ದ ಡಾಕ್ಟ್ರು ನೀವೊಬ್ರೇ."

ಅವಳು ಕವರ್ ಕೈಗೆತ್ತಿಕೊಂಡಳು. ಕುರ್ಚಿ ಹಿಡಿದು ಕೂತಳು.

"ಸಂಶೋಧನೆ ಮಾಡೋರು ತಾವೇ ಅದರಲ್ಲಿ ಪೇಷೆಂಟಾಗಿ ಸೇರೋ ಹಾಗಿಲ್ಲ. ಯಾರಾದ್ರೂ ಗುರುತು ಹಿಡಿದ್ರೆ ಅರ್ಜೀನೇ ವಾಪಸ್. ನಿಮಗೆ ಹೇಳೋಣ ಅಂದ್ರೆ... ನೀವು ಮುಚ್ಚಿಟ್ಟಿದ್ದು ನನಗೆ ಗೊತ್ತು ಅಂತಾನೂ ಹೇಳ್ಬೇಕಾಗ್ತಿತ್ತು. ಅದಕ್ಕೇ ಅಪೂರ್ಣ ಅಂತ ಬರೆದೆ. ಅದು ನನ್ನ ತಪ್ಪು."

"ಮೊದಲೇ ಹೇಳೋಕೆ ಏನಾಗಿತ್ತು ಮಾರಾಯ್ರೇ ನಿಮಗೆ..." ಅವಳ ಕಣ್ಣು ತುಂಬಿ ಬಂತು. "ನಾನೂ ಎಂಥಾ ದಡ್ಡಿ. ಆ ಸಾಲು ತಿದ್ದಿ. ಸಂಶೋಧನೆ ಮಾಡೋರದ್ದೇ ಅಂತ ತೆಗೆದಿದ್ದೀವಿ ಅಂತ, ನಿಜಾನೇ ಬರೀರಿ."

ಅವನು ತಿದ್ದಿದ. ಅವಳು ಮೊಬೈಲು ತೆಗೆದು ನೋಡಿ ಓಟಿಪಿಯ ಆರು ಅಂಕಿ ಹೇಳಿದಳು. ಅರ್ಜಿ ಹೋಯಿತು.

"ಅನುದಾನ ಸಿಗದೇ ಹೋದ್ರೆ?"

"ಮುಂದಿನ ವರ್ಷ ಮತ್ತೆ ಹಾಕೋಣ. ಆ ಹೆಂಗಸರು ಹತ್ತು ವರ್ಷ ಕಾದಿದ್ದಾರೆ. ನಾವು ಒಂದೇ ಸಲಕ್ಕೆ ಬಿಡೋದಾ?"

ನಾವು. ಆ ಮಾತು ಅವಳಿಗೆ ಹಿತವೆನಿಸಿತು, ಭಯವೂ ಆಯಿತು.

"ನನ್ನ ಫಾರಂ ಯಾವಾಗ ಓದಿದ್ರಿ?"

"ಮೂರು ತಿಂಗಳಾಯ್ತು."

"ಕೊನೇ ಪುಟಾನೂ?"

"ಕೊನೇ ಪುಟಾನೂ."

ಅವಳು ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಅವನ ಫೋನು ದಿನಾ ಬರತೊಡಗಿದ್ದು, ಮಾತು ಉದ್ದವಾದದ್ದು, ಎಲ್ಲವೂ ಆಮೇಲೆಯೇ! ಎಲ್ಲ ಗೊತ್ತಿದ್ದೂ ಇವನು ಹತ್ತಿರ ಬಂದಿದ್ದ.

"ಕನಿಕರಾನಾ?" ಮೆಲ್ಲಗೆ ಕೇಳಿದಳು.

"ಕನಿಕರ ಆಗಿದ್ರೆ ಒಂದು ಸಲ ಫೋನ್ ಮಾಡಿ ಸುಮ್ಮನಾಗ್ತಿದ್ದೆ. ನಿಮ್ಮ ಜೊತೆ ಮಾತಾಡದ ದಿನ ನನಗೆ ದಿನ ಅನ್ನಿಸಲ್ಲ ಪ್ರಿಯಾ. ನೀವಿದ್ರೆ ಸಾಕು, ಮಕ್ಕಳು ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ."

ಅವಳು ಅತ್ತಳು. ಅವನು ತಡೆಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ನೋವು ಬಂದ ದಿನ ನಾನೇನು ಮಾಡ್ಬೇಕು, ಹೇಳಿಕೊಡಿ."

"ಏನೂ ಮಾಡೋಕಾಗಲ್ಲ. ನೋವು ನಾನು ಎಷ್ಟು ಅಂದ್ರೆ ಅಷ್ಟು ಅಂತ ನಂಬಿ."

"ನಂಬ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.