ಶನಿವಾರವೇ ಆರುವ ಅಂಕಿಗಳು

ಚಿಕ್ಕಹನುಮಕ್ಕ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು! ತಲೆದೆಸೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿ ನಿಲ್ಲಿಸಿದ್ದ ಫೋನು ಕಪ್ಪಗಿತ್ತು. ಕೆಲಸಕ್ಕೆ ಒಯ್ಯುವ ನಾಲ್ಕೂಕಾಲಿನ ವ್ಯಾನು ಯಾವಾಗಲೋ ಹೋಗಿತ್ತು.

ಸೋಲಾರ್ ಪ್ಲೇಟುಗಳನ್ನು ಬಿಸಿಲಿಗೆ ಕಾಯುವ ಮೊದಲೇ ತೊಳೆಯಬೇಕು. ಆ ಕೆಲಸಕ್ಕೆ ಹೋಗುವ ಬಲಸಮುದ್ರದ ಹೆಂಗಸರಿಗೆ ಅದಕ್ಕೇ ಆ ಹೊತ್ತಿನ ವ್ಯಾನು. ಜಲ್ಲಿ ಕ್ರಷರಿನಲ್ಲಿ ದುಡಿದು ಚಿಕ್ಕಹನುಮಕ್ಕನ ಕಿವಿ ಮಂದ. ಅಲಾರಂ ಇದ್ದೂ ಇಲ್ಲದ ಹಾಗೆ. ಎಚ್ಚರವಾದಾಗಲೆಲ್ಲ ಹೊತ್ತು ನೋಡಲು, ಚಾರ್ಜಿಗಿಟ್ಟ ಫೋನಿನ ಮೇಲೆ ರಾತ್ರಿಯೆಲ್ಲ ಬೆಳಗುವ ಗಡಿಯಾರದ ದಪ್ಪ ಅಂಕಿಗಳನ್ನೇ ನಂಬಿದ್ದಳು. ವ್ಯಾನು ತಪ್ಪಿದ್ದು ಇದು ಎರಡನೆಯ ಸಲ. ಮೂರನೆಯ ಸಲಕ್ಕೆ ಹೆಸರು ಹೊಡೆದುಹಾಕುತ್ತೇನೆಂದು ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿದ್ದ.

"ಬೆಳಕು ಕಣ್ಣಿಗೆ ಚುಚ್ತದೆ ಅಂತ ನೀನೇ ಆರಿಸ್ಬುಟ್ಟೆ!" ಎಂದು ಗಂಡ ದೊಡ್ಡಹನುಮಯ್ಯನ ಮೇಲೆ ಹರಿಹಾಯ್ದಳು. ಪಾಪ, ಅವನಿಗೆ ಆ ಬೆಳಿಗ್ಗೆ ಕಾಫಿಯೂ ಇಲ್ಲ.

ಸುದ್ದಿ ಕೇಳಿ ಪಂಚಾಯ್ತಿ ಗ್ರಂಥಾಲಯದ ಗಂಗಾಂಬಿಕಾ ಮೇಡಂ ಬಂದರು. ಊರಿನಲ್ಲಿ ಏನೇ ಕಳೆಯಲಿ, ಕೆಡಲಿ, ಕರೆ ಹೋಗುವುದು ಅವರಿಗೇ.

"ದೊಡ್ಡಹನುಮಯ್ಯ, ನಿಜ ಹೇಳಿ. ಸ್ವಿಚ್ ಆರಿಸಿದ್ರಾ?"

"ದ್ಯಾವ್ರಾಣೆ ಇಲ್ಲ ಕಣಮ್ಮ! ಮಲಗಿದ್ರೆ ನಂಗೆ ಮೈಮೇಲೆ ಗ್ಯಾನ ಇರಾಕಿಲ್ಲ."

ಫೋನಿನಲ್ಲಿ ಚಾರ್ಜು ಭರ್ತಿ ನೂರು. ಸ್ವಿಚ್ಚೂ ಆರಿಲ್ಲ, ಕರೆಂಟೂ ಹೋಗಿಲ್ಲ. ಗಂಡ ಬಿಡುಗಡೆಯಾದ.

"ಚಾರ್ಜರ್ ಕೆಟ್ಟಿರಬಹುದಾ?" ಎಂದು ಚಿಕ್ಕಹನುಮಕ್ಕನನ್ನು ಕೇಳಿದರು.

"ಹೋದ ಸಲವೇ ಪಾವಗಡದ ಮೊಬೈಲ್ ಅಂಗ್ಡಿ ಭೀಮರಾಜು ಬದಲಾಯಿಸ್ಕೊಟ್ಟ. ಫೋನೂ ನೋಡ್ದ, ಏನೂ ಆಗಿಲ್ಲ ಅಂದ."

"ರಾತ್ರಿ ಕೋಣೆ ಪೂರ್ತಿ ಕತ್ತಲೆನಾ?"

"ಇಲ್ಲ, ಜೀರೋ ಬಲ್ಬು ಉರೀತಿರ್ತೈತೆ."

"ಮೊದಲ ಸಲ ತಪ್ಪಿದ್ದು ಯಾವತ್ತು?"

"ಹೋದ ಶನಿವಾರ."

"ಇವತ್ತೂ ಶನಿವಾರ! ನಡುವಿನ ದಿನ?"

"ಅಂಕಿ ಚೆಂದಾಗೇ ಕಾಣ್ತಿದ್ವು."

"ಹಾಗಾದ್ರೆ—ಶುಕ್ರವಾರ ಈ ಮನೇಲಿ ಏನು ನಡೆಯುತ್ತೆ?"

"ಇನ್ನೇನು? ಸಂಜೆ ಪೂಜೆ. ಹೊಸ್ತಿಲು, ಒಲೆ, ಮಿಕ್ಸಿ... ಅನ್ನ ಕೊಡೋ ವಸ್ತುಗೆಲ್ಲ ಕುಂಕುಮ ಇಕ್ತೀನಿ. ಈ ಫೋನ್ ಬಂದು ಹತ್ತು ದಿನ ಆಯ್ತು, ಇದ್ಕೂ ಇಕ್ತೀನಿ."

ಗಂಗಾಂಬಿಕಾ ನಕ್ಕರು. ಕಿಟಕಿ, ಬಾಗಿಲು ಮುಚ್ಚಿಸಿ, ಜೀರೋ ಬಲ್ಬು ಹಾಕಿಸಿ, ಫೋನನ್ನು ಗೂಡಿನಲ್ಲಿಟ್ಟರು. ಅಂಕಿಗಳು ಹೊತ್ತಿ, ಸ್ವಲ್ಪ ಹೊತ್ತಿಗೆ ಆರಿದವು. ಫೋನಿನ ಮೇಲಂಚಿನ ಕುಂಕುಮದ ಬೊಟ್ಟನ್ನು ಒರೆಸಿ ಮತ್ತೆ ಇಟ್ಟರು. ಅಂಕಿಗಳು ಹೊತ್ತಿದವು—ಆರಲೇ ಇಲ್ಲ!

"ಬೆಳಕು ನೋಡೋ ಕಣ್ಣು ಇದಕ್ಕೆ ಇಲ್ಲೇ ಇರೋದು ಅಕ್ಕ. ಕೋಣೆ ಪೂರ್ತಿ ಕತ್ತಲಾದ್ರೆ ತಾನೇ ಆರುತ್ತೆ. ಬೊಟ್ಟು ಕಣ್ಣು ಮುಚ್ಚಿದ್ದಕ್ಕೆ ಕತ್ತಲೆ ಅಂದ್ಕೊಂಡಿತು. ಮಲಗೋ ಮುಂಚೆ ಟ್ಯೂಬ್‌ಲೈಟಿನ ಬೆಳಕು ಬೊಟ್ಟಿನ ಸಂದಿಯಿಂದ ನುಸುಳ್ತಿತ್ತು, ಜೀರೋ ಬಲ್ಬಿನದು ಸಾಲ್ತಿರಲಿಲ್ಲ. ಹೋದ ಶನಿವಾರ ಆಮೇಲೆ ಕೈಯಾಡಿ ಬೊಟ್ಟು ಅಳಿಸಿಹೋಯ್ತು, ಮತ್ತೆ ಶುಕ್ರವಾರದ ತನಕ ತೊಂದರೆ ಇರಲಿಲ್ಲ. ಭೀಮರಾಜು ಎಲ್ಲ ನೋಡಿದ. ದೇವರ ಕುಂಕುಮ ಅಂತ ಅದನ್ನೊಂದು ಮುಟ್ಟಲಿಲ್ಲ."

"ಅಂಗಾರೆ ನನ್ ವ್ಯಾನು ತಪ್ಪಿಸಿದ ಕಳ್ಳರು ಯಾರಮ್ಮ?"

"ಬೊಟ್ಟು ಇಟ್ಟ ನಿಮ್ಮ ಉಂಗುರದ ಬೆರಳು!"

ಚಿಕ್ಕಹನುಮಕ್ಕನ ಮುಖ ಸಣ್ಣಗಾಯಿತು. "ಬೊಟ್ಟು ಇಕ್ದಿದ್ರೆ ದ್ಯಾವ್ರು ಮುನಿಸ್ಕೊಳಲ್ವಾ?"

"ಬೆನ್ನಿಗೆ ಇಡಿ. ಅಲ್ಲಿ ಕಣ್ಣಿಗೆ ಅಡ್ಡ ಬರಲ್ಲ."

ಅವಳಿಗೆ ಹಗುರಾಯಿತು, ನಗುವೂ ಬಂತು. ಗಂಡನಿಗೆ ಎರಡು ಲೋಟ ಕಾಫಿ ಕೊಟ್ಟಳು.

ಮುಂದಿನ ಶನಿವಾರ ವ್ಯಾನು ಬಂದಾಗ ಅವಳು ಬೀದಿಯಲ್ಲಿ ಕಾದಿದ್ದಳು. ಮೇಸ್ತ್ರಿ ಟಾರ್ಚು ಬಿಟ್ಟು ನೋಡಿದ.

"ನಿನ್ ಜಾಗಕ್ಕೆ ಬ್ಯಾರೆಯೋರ್ಗೆ ಹೇಳಿಟ್ಟಿದ್ದೆ ಕಣಕ್ಕ. ಅವ್ರಿಗೆ ಬರಬ್ಯಾಡ ಅಂತೀನಿ ಬುಡು," ಅಂದ.

ಚಿಕ್ಕಹನುಮಕ್ಕ ಹತ್ತಿ, ಡ್ರೈವರ್ ಪಕ್ಕದ ಸೀಟನ್ನೇ ಹಿಡಿದಳು.