ತಾತ್ಕಾಲಿಕ ದನಿ

ಬಟ್ಟೆ ಬೀರುವಿನೊಳಗೆ ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗದೆ ವಿಧಿಯಿಲ್ಲ. ಅದು ಗೊತ್ತಿದ್ದೇ ಕಥೆಗಾರ ತನ್ನನ್ನು ಅಲ್ಲಿಗೆ ಕರೆದನೆಂದು ಅವಳಿಗೆ ಗುಮಾನಿ. ನೇತುಹಾಕಿದ ಕೋಟುಗಳು ಹೊರಗಿನ ಸದ್ದನ್ನು ಹೀರಿಕೊಳ್ಳುತ್ತವೆ, ರೆಕಾರ್ಡಿಂಗ್ ಚೆನ್ನಾಗಿ ಬರುತ್ತದೆ ಎಂಬುದು ಅವನ ಸಮಜಾಯಿಷಿ.

ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಅವನು ಆನಿಮೇಷನ್‌ಗೆ ಕಥೆ ಬರೆಯುವವನು. ಇಬ್ಬರೂ ಸೇರಿ ಮಾಡಿದ ಕರಡಿ ಮತ್ತು ನೀರುನಾಯಿಯ ಪುಸ್ತಕ ಈಗ ಸಿನಿಮಾ ಆಗುತ್ತಿತ್ತು. ನಟರು ಬರುವ ಮುಂಚೆ ಯಾರಾದರೂ ಮಾತುಗಳನ್ನು ಓದಿಕೊಡಬೇಕು, ಅದರ ಅಳತೆಗೆ ಚಿತ್ರಗಳನ್ನು ಕೂರಿಸುತ್ತಾರೆ. ಆಮೇಲೆ ಆ ದನಿಯನ್ನು ಅಳಿಸುತ್ತಾರೆ. ಸ್ಟುಡಿಯೋದವರು ಅದನ್ನು ತಾತ್ಕಾಲಿಕ ದನಿ ಎನ್ನುತ್ತಿದ್ದರು. ಅವನು ಕರಡಿಯಾದ, ಅವಳು ನೀರುನಾಯಿಯಾದಳು.

ಕೊನೆಯ ದೃಶ್ಯದಲ್ಲಿ ಅವನು ಕಾಗದ ಬಿಟ್ಟು ಅವಳನ್ನೇ ನೋಡಿದ.

"ನನ್ನ ಜೊತೇಲೇ ಇದ್ದುಬಿಡ್ತೀಯಾ?"

ಅವಳ ಕಿವಿ ಬಿಸಿಯಾಯಿತು. ಕಾಗದದಲ್ಲಿಲ್ಲದ ಒಂದು ಉಸಿರು ತಾನಾಗಿಯೇ ಹೊರಬಂತು. "ಇರ್ತೀನಿ" ಎಂದಳು.

"ಇನ್ನೊಂದು ಸಲ ಹೇಳು."

"ಯಾಕೆ, ಸರಿ ಬರ್ಲಿಲ್ವಾ?"

"ಬಂತು. ಕೇಳೋಕೆ ಚೆನ್ನಾಗಿದೆ, ಅದಕ್ಕೆ."

ಅವಳು ಇನ್ನೊಂದು ಸಲ ಹೇಳಿದಳು. ಅವಳಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಅವನ ಅಕ್ಕ, ನನ್ನ ಬೀರು ಯಾವಾಗ ಖಾಲಿ ಮಾಡ್ತೀರಿ, ಮದುವೆ ಆಗಿ ಸ್ವಂತ ಬೀರು ತಗೋಬಾರದಾ ಎಂದು ರೇಗಿಸಿದಳು. "ಸುಮ್ನಿರಕ್ಕಾ, ಅದು ಕೆಲಸ" ಎಂದು ಅವನು ನಕ್ಕ. ಚಿತ್ರಗಾರ್ತಿ ತಲೆ ತಗ್ಗಿಸಿ ಅನ್ನ ಕಲಸತೊಡಗಿದಳು. ಕರಡಿಯ ಬಾಯಲ್ಲಿ ಅಷ್ಟು ಸಲೀಸಾಗಿ ಬಂದ ಮಾತು, ಅವನದೇ ಬಾಯಿಗೆ ಬಂದರೆ ಬೀಗ. ಇವತ್ತಲ್ಲ ನಾಳೆ ಹೇಳಿಯಾನು ಎಂದು ಅವಳು ಕಾದಳು.

ನೀರುನಾಯಿಗೆ ದನಿ ಕೊಡಲು ನಟಿ ಬಂದಳು. ಅವಳಿಗೆ ಮಾತು ಹೇಳಿಕೊಡಲು ಕಥೆಗಾರ ದಿನವೂ ಸ್ಟುಡಿಯೋಗೆ ಹೋಗತೊಡಗಿದ. ಫೋನ್ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಅವನಿಗೂ ನಟಿಗೂ ಮದುವೆ ಗೊತ್ತಾದ ಸುದ್ದಿಯನ್ನು ಕೊನೆಗೆ ಅಕ್ಕನೇ ತಿಳಿಸಿದಳು, ತಾನೇ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿ.

ಚಿತ್ರ ಬರೆದವಳಲ್ಲವೇ, ಮೊದಲ ದಿನದ ಪ್ರದರ್ಶನಕ್ಕೆ ಹೋಗದೆ ಇರಲಾಗಲಿಲ್ಲ. ಪರದೆಯ ಮೇಲೆ ಅವಳ ಕರಡಿ ಅದೇ ಪ್ರಶ್ನೆ ಕೇಳಿತು. ನೀರುನಾಯಿ ಮೆಲ್ಲಗೆ ಒಂದು ಉಸಿರು ಬಿಟ್ಟು, ನಟಿಯ ದನಿಯಲ್ಲಿ "ಇರ್ತೀನಿ" ಎಂದಿತು. ಉಸಿರು ಮಾತ್ರ ನಟಿಯದಲ್ಲ. ತನ್ನ ಉಸಿರನ್ನು ಅವಳು ಗುರುತಿಸಿದಳು.

ಹೊರಗೆ ಮೆಟ್ಟಿಲ ಬಳಿ ಅವನು ಸಿಕ್ಕಿದ. "ಎಷ್ಟು ಹೇಳ್ಕೊಟ್ರೂ ಆ ಉಸಿರು ಅವಳಿಗೆ ಬರ್ಲಿಲ್ಲ. ಅದಕ್ಕೆ ನಿಂದೇ ಉಳಿಸ್ಕೊಂಡೆ."

"ನಾನು 'ಇರ್ತೀನಿ' ಅಂದಿದ್ದು ಕರಡಿಗಲ್ಲ ಕಣೋ."

ಅವನು ನೆಲ ನೋಡಿದ. "ಗೊತ್ತಿತ್ತು."

"ಗೊತ್ತಿದ್ದೂ ಇನ್ನೊಂದು ಸಲ ಹೇಳಿಸ್ದೆ."

ಆ ಉಸಿರನ್ನು ತೆಗೆದುಹಾಕು ಎಂದಳು. ಸಿನಿಮಾ ಆಗಲೇ ಎಲ್ಲ ಊರಿಗೂ ಹೋಗಿಯಾಗಿದೆ, ಇನ್ನು ಆಗುವುದಿಲ್ಲ ಎಂದ.

ಒಳಗೆ ಮುಂದಿನ ಪ್ರದರ್ಶನ ಶುರುವಾಗಿತ್ತು, ಮಕ್ಕಳು ನಗುವುದು ಕೇಳಿಸುತ್ತಿತ್ತು. ಕೊನೆಯ ದೃಶ್ಯ ಬರುವ ಮುಂಚೆ ಅವಳು ರಸ್ತೆಗಿಳಿದಳು.