ಅರಿಶಿನದ ನೀರು ಕುಡಿದ ಲ್ಯಾಪ್‌ಟಾಪ್

ಕಂಪ್ಯೂಟರ್ ರಿಪೇರಿ ಅಂಗಡಿಯ ಮಹೇಂದ್ರಣ್ಣ ಲ್ಯಾಪ್‌ಟಾಪಿನ ಬೆನ್ನಿನಿಂದ ಒಂಬತ್ತನೇ ಸ್ಕ್ರೂ ಬಿಚ್ಚಿ ಡಬ್ಬಿಯ ಮುಚ್ಚಳದಲ್ಲಿಟ್ಟ. ಚಿನ್ನು ಎಣಿಸುತ್ತಲೇ ಇದ್ದಳು. ಎಣಿಸುವುದನ್ನು ನಿಲ್ಲಿಸಿದರೆ ಅಳು ಬಂದುಬಿಡುತ್ತಿತ್ತು.

“ಎಷ್ಟು ವರ್ಷದ್ದು ರಮ್ಯಾ ಇದು?”

“ಎಂಟು ವರ್ಷ ಆಯ್ತಣ್ಣ. ಆಯುಧಪೂಜೆ ಮಾರನೇ ದಿನ ಆನ್ ಮಾಡಿದ್ರೆ ಉಸಿರೇ ಇಲ್ಲ,” ಅಂದಳು ಚಿನ್ನುವಿನ ಅಕ್ಕ ರಮ್ಯಶ್ರೀ.

ಹಳೇದು, ಅದಕ್ಕೇ ಕೆಟ್ಟಿತು ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ನಿಜ ಗೊತ್ತಿದ್ದದ್ದು ಐದನೇ ಕ್ಲಾಸಿನ ಚಿನ್ನುವಿಗೆ ಮಾತ್ರ.

ಹಬ್ಬದ ದಿನ ಅಪ್ಪ ಟಿಲ್ಲರು, ಬೈಕು, ಕುಡುಗೋಲು, ಔಷಧಿ ಹೊಡೆಯುವ ಕ್ಯಾನು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಸಾಕಮ್ಮಜ್ಜಿ ಅರಿಶಿನದ ನೀರಿಗೆ ಮಾವಿನಸೊಪ್ಪು ಅದ್ದಿ ಎಲ್ಲದರ ಮೇಲೂ ಚಿಮುಕಿಸಿದ್ದರು. ಅಕ್ಕನ ಲ್ಯಾಪ್‌ಟಾಪೂ ಆಯುಧವೇ ತಾನೆ? ಅದೊಂದನ್ನೇ ಬಿಟ್ಟರೆ ಅದಕ್ಕೆ ಬೇಜಾರಾಗುವುದಿಲ್ಲವೆ? ಚಿನ್ನು ಚೊಂಬು ಹಿಡಿದು ಒಳಗೆ ಹೋದಳು. ಲ್ಯಾಪ್‌ಟಾಪ್ ತೆರೆದು ಕೀಗಳ ಮೇಲೆ ಚಿಮುಕಿಸಿದಳು. ಭಕ್ತಿ ಸ್ವಲ್ಪ ಜಾಸ್ತಿಯಾಗಿ ಚೊಂಬೇ ವಾಲಿತು. ಗಾಬರಿಯಿಂದ ಲಂಗದಲ್ಲಿ ಒರೆಸಿ, ಮುಚ್ಚಿ, ಮೇಲೊಂದು ಸೇವಂತಿಗೆ ಇಟ್ಟು ಬಂದಿದ್ದಳು.

ಆ ಲ್ಯಾಪ್‌ಟಾಪಿನಲ್ಲಿ ನಲವತ್ತು ಸೋಬಾನೆ ಪದಗಳಿದ್ದವು. ಅಜ್ಜಿ, ಪಕ್ಕದ ಮನೆಯ ಮಾಯಮ್ಮಜ್ಜಿ ಇಬ್ಬರೂ ಸೇರಿ ಹಾಡಿದ್ದನ್ನು ಅಕ್ಕ ಕಾಲೇಜಿನ ಪ್ರಾಜೆಕ್ಟಿಗಾಗಿ ರೆಕಾರ್ಡ್ ಮಾಡಿದ್ದಳು. ಬೇರೆಲ್ಲೂ ಕಾಪಿ ಇರಲಿಲ್ಲ. ದಸರಾ ರಜೆ ಮುಗಿದ ದಿನವೇ ಪ್ರಾಜೆಕ್ಟ್ ಕೊಡಬೇಕಿತ್ತು.

“ಇನ್ನೊಂದ್ಸಲ ಹಾಡಜ್ಜಿ,” ಅಂತ ಅಕ್ಕ ಕೇಳಿಯೂ ನೋಡಿದ್ದಳು.

“ಸೋಬಾನೇನ ಒಬ್ರೇ ಹಾಡಕಾಯ್ತದಾ ಮಗ? ಒಬ್ರು ಎತ್ಕೊಡ್ಬೇಕು, ಇನ್ನೊಬ್ರು ಇಡ್ಕೋಬೇಕು. ಎತ್ಕೊಡೋಳೇ ಹೋದ್ಲಲ್ಲ, ಬುಡು,” ಅಂದಿದ್ದರು ಅಜ್ಜಿ. ಮಾಯಮ್ಮಜ್ಜಿ ಯುಗಾದಿಗೆ ಮೊದಲೇ ತೀರಿಕೊಂಡಿದ್ದರು. ಅವತ್ತಿನಿಂದ ಅಜ್ಜಿ ಒಂದು ಸಾಲೂ ಹಾಡಿರಲಿಲ್ಲ.

ಮಹೇಂದ್ರಣ್ಣ ಟಾರ್ಚ್ ಹಾಕಿ ಒಳಗೆ ಇಣುಕಿದ.

“ಇದೇನಿದು, ಒಳಗೆಲ್ಲ ಹಳದಿ ಕರೆ? ಯಾರೋ ನೀರು ಚೆಲ್ಲವ್ರೆ ಕಣವ್ವ. ಅದೂ ಅರಿಶಿನದ ನೀರು. ಬೋರ್ಡು ಪೂರ್ತಿ ಹೋಗ್ಬುಟ್ಟದೆ.”

ಅಕ್ಕನಿಗೆ ಅರ್ಥವಾಗಲಿಲ್ಲ. ಚಿನ್ನು ಸ್ಕ್ರೂ ಎಣಿಸುವುದನ್ನು ನಿಲ್ಲಿಸಿದಳು.

“ನಾನೇ ಅಕ್ಕ,” ಅಂದಳು. “ಪೂಜೆ ಮಾಡ್ದೆ.”

ಅಕ್ಕ ಅವಳನ್ನೇ ನೋಡಿದಳು. “ನಾಲ್ಕು ದಿನದಿಂದ ಬಾಯಿ ಬಿಡ್ಲಿಲ್ವಲ್ಲೇ.”

“ಹೇಳಿದ್ರೆ ನೀನು ನನ್ ಜೊತೆ ಮಾತೇ ಬಿಡ್ತೀಯ ಅಂತ.”

“ಜಗಳ ಮನೇಲಾಡ್ಕಳಿ,” ಅಂದ ಮಹೇಂದ್ರಣ್ಣ. ಲ್ಯಾಪ್‌ಟಾಪಿನ ಮೂಲೆಯಿಂದ ಅಂಗೈಯಗಲದ ಒಂದು ಚಪ್ಪಟೆ ಪೆಟ್ಟಿಗೆಯನ್ನು ಎಳೆದು ತೆಗೆದ. “ಇದು ಹಾರ್ಡ್ ಡಿಸ್ಕು. ಫೈಲೆಲ್ಲ ಇರೋದು ಇದ್ರೊಳಗೆ. ಮನೆ ಬಿದ್ರೂ ಟ್ರಂಕು ಉಳ್ಕಂಡಂಗೆ, ಇದು ಉಳಿದಿದ್ರೂ ಉಳಿದಿರ್ಬೋದು.”

ಅವನು ಅದನ್ನು ಒರೆಸಿ, ಸೋಪಿನ ಡಬ್ಬಿಗಿಂತ ಸ್ವಲ್ಪ ಉದ್ದವಿದ್ದ ಒಂದು ಹೊಸ ಕೇಸಿನೊಳಗೆ ಕೂರಿಸಿದ. ಅದರ ವಯರನ್ನು ಅಂಗಡಿಯ ಕಂಪ್ಯೂಟರಿಗೆ ಚುಚ್ಚಿದ. ಏನೂ ಬರಲಿಲ್ಲ. ತೆಗೆದು, ಊದಿ, ಹಿಂದುಗಡೆ ಚುಚ್ಚಿದ. ಕೇಸಿನ ಮೇಲೆ ನೀಲಿ ದೀಪ ಮಿಣುಕಿತು. ಸ್ಕ್ರೀನಿನಲ್ಲಿ ಒಂದು ಫೋಲ್ಡರ್ ಕಾಣಿಸಿತು: ‘ಅಜ್ಜಿ ಪದಗಳು’.

ಅಕ್ಕ ಸ್ಕ್ರೀನಿನ ಹತ್ತಿರ ಬಗ್ಗಿ ಆ ಹೆಸರನ್ನು ಎರಡು ಸಲ ಓದಿದಳು. ಚಿನ್ನು ತಡೆದಿದ್ದ ಅಳು ಈಗ ಬಂತು.

“ಸಿಕ್ತಲ್ಲ, ಈಗ್ಯಾಕೆ ಅಳ್ತೀಯೇ?” ಅಂತ ಅಕ್ಕ ಅವಳ ತಲೆಗೊಂದು ಮೊಟಕಿದಳು. ಹಾಗೇ ಹತ್ತಿರಕ್ಕೆ ಎಳೆದುಕೊಂಡಳು.

“ಇನ್ಮೇಲೆ ಇದು ದೊಡ್ಡ ಪೆನ್‌ಡ್ರೈವ್ ಇದ್ದಂಗೆ. ಆದ್ರೂ ಹಳೇ ಡಿಸ್ಕು, ಪೂರ್ತಿ ನಂಬಂಗಿಲ್ಲ. ಇನ್ನೊಂದು ಕಾಪಿ ಮಾಡ್ಕೊಡ್ತೀನಿ,” ಅಂದ ಮಹೇಂದ್ರಣ್ಣ.

ಕೆ.ಆರ್.ನಗರದಲ್ಲಿ ಚುಂಚನಕಟ್ಟೆ ಬಸ್ಸು ಹತ್ತಿದಾಗ ಅಕ್ಕ ಕೇಸನ್ನು ಚಿನ್ನುವಿನ ಮಡಿಲಲ್ಲೇ ಇಟ್ಟಳು.

“ನನ್ ಕೈಗಾ?”

“ಹ್ಞೂಂ. ಆದ್ರೆ ಪೂಜೆ ಗೀಜೆ ಮಾಡ್ಬೇಡ ತಾಯಿ.”

ಮನೆಗೆ ಬಂದವರೇ ಕೇಸನ್ನು ಟಿವಿಗೆ ಸಿಕ್ಕಿಸಿದರು. ಅಜ್ಜಿ ಪಡಸಾಲೆಯಲ್ಲಿ ಕೂತು ಹುರುಳಿ ಕೇರುತ್ತಿದ್ದರು. ಟಿವಿಯಿಂದ ಮೊದಲು ಒಂದು ಕೆಮ್ಮು ಕೇಳಿತು. ಆಮೇಲೆ ಮಾಯಮ್ಮಜ್ಜಿಯ ದನಿ:

“ಲೇ ಸಾಕಿ, ಮುಂಚೇನೇ ಇಡ್ಕೋಬೇಡ ಕಣೇ. ನನ್ ಸಾಲು ಮುಗೀಲಿ.”

ಮೊರ ನಿಂತಿತು.

“ಸತ್ಮೇಲೂ ಬೈಯೋದು ಬುಡ್ನಿಲ್ವಲ್ಲ ಇವ್ಳು,” ಅಂದರು ಅಜ್ಜಿ. ನಗುತ್ತಿದ್ದರು, ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದರು. ಮಾಯಮ್ಮಜ್ಜಿ ಮೊದಲ ಸಾಲು ಎತ್ತಿಕೊಟ್ಟರು. ಟಿವಿಯೊಳಗಿನ ಅಜ್ಜಿಯ ಜೊತೆ ಮನೆಯಲ್ಲಿದ್ದ ಅಜ್ಜಿಯೂ ಹಿಡಿದುಕೊಂಡರು.

ಪದ ಮುಗಿಯಿತು. ಅಕ್ಕ ಅಮ್ಮನಿಗೆ ಸುದ್ದಿ ಹೇಳಲು ಹಿತ್ತಿಲಿಗೆ ಓಡಿದಳು. ಅಜ್ಜಿ ಖಾಲಿ ಸ್ಕ್ರೀನನ್ನೇ ನೋಡುತ್ತ ಕೂತಿದ್ದರು. ಅವರ ಕೈ ಮೊರದ ಮೇಲೇ ಇತ್ತು.

ಚಿನ್ನು ಹತ್ತಿರ ಹೋಗಿ ಕೂತಳು. ಗಂಟಲು ಸರಿಮಾಡಿಕೊಂಡು, ಅದೇ ಪದದ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟಳು.

ಅಜ್ಜಿ ಅವಳ ಸಾಲು ಮುಗಿಯುವವರೆಗೂ ಕಾದರು. ಆಮೇಲೆ ಹಿಡಿದುಕೊಂಡರು.